ಹದಿನೆಂಟನೇ ತಾರೀಖಿನ ಸೂರ್ಯ

ಮನೆಯಿಂದ,
ಮಾರ್ಚ್ ೯, ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ ಕಂದಾ? ಬೆನ್ನುನೋವು ಕಡಿಮೆಯಾಯಿತೇ? ಊಟ ಕೂತು ಮಾಡುತ್ತೀಯೋ, ಇಲ್ಲ ನಿಮ್ಮಪ್ಪನ ಹಾಗೆ ನಿಂತುಕೊಂಡೇ ಮುಗಿಸುತ್ತೀಯೋ? ನಾನು ಚೆನ್ನಾಗಿದ್ದೇನೆ. ಅಪ್ಪ ಚೆನ್ನಾಗಿಲ್ಲ.

ಶುಕ್ರವಾರ ವೀಕ್ಷಣಾಲಯದಲ್ಲಿ ಅವರ ನಿವೃತ್ತಿಯ ಸಭೆ ಇತ್ತು. ಮೂವತ್ತೊಂದು ವರ್ಷ, ಮೋಡವಿಲ್ಲದ ಒಂದು ಬೆಳಿಗ್ಗೆಯನ್ನೂ ಬಿಡದೆ, ದೂರದರ್ಶಕದಿಂದ ಕಾಗದದ ಮೇಲೆ ಬೀಳುವ ಸೂರ್ಯನ ಬಿಂಬದಲ್ಲಿ ಕಪ್ಪು ಕಲೆಗಳನ್ನು ಪೆನ್ಸಿಲಿನಿಂದ ಗುರುತಿಸಿದವರು ಎಂದು ನಿರ್ದೇಶಕರು ಬಾಯ್ತುಂಬ ಹೊಗಳಿದರು. ಅಪ್ಪ ಎದ್ದು ನಿಂತು, "ಕೊನೆಯ ನಾಲ್ಕು ವರ್ಷದ್ದು ನಾನು ಬರೆದದ್ದಲ್ಲ. ನನ್ನ ಕಣ್ಣಿನ ನಡುಭಾಗದ ದೃಷ್ಟಿ ಹೋಗಿದೆ. ಬರೆದೋಳು ನನ್ನ ಹೆಂಡತಿ, ಸಹಿ ಮಾತ್ರ ನಂದು," ಅಂದುಬಿಟ್ಟರು. ಹೂಗುಚ್ಛ ಹಿಡಿದು ನಿಂತಿದ್ದ ಗುಮಾಸ್ತೆ ಅದನ್ನು ಕೊಡಬೇಕೋ ಬೇಡವೋ ತಿಳಿಯದೆ ಖಾಲಿ ಕುರ್ಚಿಯ ಮೇಲಿಟ್ಟಳು.

ನಿನಗೂ ಗೊತ್ತಿರಲಿಲ್ಲ. ಮೊದಮೊದಲು ನಾನು ಬರೀ ತಿಂಡಿ ಕೊಡಲು ಹೋಗುತ್ತಿದ್ದೆ. ಒಂದು ದಿನ ಪೆನ್ಸಿಲನ್ನು ನನ್ನ ಕೈಗಿಟ್ಟು, "ನಡುವೆ ಏನಾದ್ರೂ ಕಾಣುತ್ತಾ ನೋಡು, ನಂಗೆ ಬರೀ ಮಂಜು," ಅಂದರು. ಏಳು ಕಲೆಗಳಿದ್ದವು. ಅವರಿಗೆ ಒಂದೂ ಕಂಡಿರಲಿಲ್ಲ. ಕೈ ನಡುಗದಂತೆ ಗೆರೆ ಎಳೆಯುವುದನ್ನು, ಹೊತ್ತು ಗುರುತು ಹಾಕುವುದನ್ನು ಕಲಿಸಿದರು. ಬೈದು ಬೈದು ಕಲಿಸಿದರು. ನಿಜ ಹೇಳಲೇ, ನಮ್ಮ ಮದುವೆಯ ಒಳ್ಳೆಯ ವರ್ಷಗಳೆಂದರೆ ಅವೇ.

ಈಗ ಆ ನಾಲ್ಕು ವರ್ಷವನ್ನು ದಾಖಲೆಯಿಂದ ತೆಗೆದುಹಾಕುವ ಮಾತು ನಡೆದಿದೆ. ಬೇರೆ ವೀಕ್ಷಣಾಲಯಗಳ ಚಿತ್ರ ತರಿಸಿ ಹೋಲಿಸಿ ಎಂದು ಅಪ್ಪನ ಹಟ. "ಅವಳು ಕಾಣದ್ದನ್ನ ಬರೆಯೋಳಲ್ಲ. ಒಂದು ಚುಕ್ಕೆ ಸುಳ್ಳಾದ್ರೂ ಎಲ್ಲಾ ಸುಟ್ಟುಹಾಕಿ," ಎಂದು ಎಲ್ಲರೆದುರು ಹೇಳಿ ಬಂದಿದ್ದಾರೆ. ಅಂದಿನಿಂದ ವರಾಂಡದ ಕುರ್ಚಿ ಬಿಟ್ಟು ಏಳುತ್ತಿಲ್ಲ, ಊಟಕ್ಕೂ ನಾನೇ ಎಬ್ಬಿಸಬೇಕು. ಹೋಲಿಕೆ ಮುಂದಿನ ವಾರ.

ಅಳಿಯನಿಗೆ ನಮ್ಮ ನೆನಪು ಹೇಳು. ಮೈ ಜೋಪಾನ, ಮನಸ್ಸೂ ಜೋಪಾನ.

ನಿನ್ನ
ಅಮ್ಮ

ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಹೋದ ಜೂನ್ ಹದಿನೆಂಟು, ಎರಡು ತಿಂಗಳ ಬಸಿರು ನಿಲ್ಲಲಿಲ್ಲವೆಂದು ನೀನು ಆಸ್ಪತ್ರೆಯಿಂದ ಫೋನ್ ಮಾಡಿದ ಬೆಳಿಗ್ಗೆ. ಆಕಾಶ ತಿಳಿಯಾಗಿತ್ತು. ಕಾಗದದ ಮುಂದೆ ಕೂತರೆ ಕಣ್ಣೀರಿಗೆ ಏನೂ ಕಾಣಲಿಲ್ಲ. ಹಿಂದಿನ ದಿನದ ಚಿತ್ರ ನೋಡಿ ಅಂದಾಜಿನಲ್ಲಿ ಐದು ಚುಕ್ಕೆ ಇಟ್ಟೆ. ಅಪ್ಪ ಸಹಿ ಹಾಕಿದರು. ಬೇರೆಯವರು ಕಂಡುಹಿಡಿಯುವ ಮೊದಲು ನಾನೇ ಅಪ್ಪನಿಗೆ ಹೇಳಬೇಕು. ಯಾಕೆ ಎಂದು ಕೇಳೇ ಕೇಳುತ್ತಾರೆ. ಬಸಿರಿನ ವಿಷಯ ಅಪ್ಪನಿಗೆ ಹೇಳಬೇಡ ಎಂದು ನೀನು ಭಾಷೆ ತೆಗೆದುಕೊಂಡಿದ್ದೀಯ. ಕಾಗದ ಸೇರಿದ ಕೂಡಲೇ ಫೋನ್ ಮಾಡು ಮಗಳೇ. ನೀನು ಹೂಂ ಅನ್ನುವ ತನಕ ನಾನು ಬಾಯಿ ಬಿಡುವುದಿಲ್ಲ.