ಐವತ್ತನೆಯ ಮಾರಿನ ಕೆಂಪು ದಾರ

ಮನೆಯಿಂದ,
ಮಾರ್ಚ್ ೧೪, ಶನಿವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಭುಜದ ನೋವು ಹೇಗಿದೆ? ವರ್ಕ್‌ಶಾಪಿನಲ್ಲಿ ಭಾರ ಎತ್ತಬೇಡವೆಂದು ಡಾಕ್ಟರು ಹೇಳಿದರೆ ನೀನು ಕೇಳುವವನಲ್ಲ. ಗದರಿಸುವ ಹಕ್ಕನ್ನು ಅಕ್ಕ ಬರೆದುಕೊಟ್ಟಿದ್ದಾಳೆಂದು ನಿನ್ನ ಹೆಂಡತಿಗೆ ಹೇಳು. ಅಪ್ಪನ ಕಾಲಿನ ಊತ ಇಳಿದಿದೆ. ಕಣ್ಣು ಮಾತ್ರ ಹಾಗೆಯೇ: ದೂರದ ದೀಪಸ್ತಂಭ ಕಾಣುತ್ತದೆ, ಕೈಯಲ್ಲಿರುವ ಚಮಚ ಕಾಣುವುದಿಲ್ಲ. ನಾನು ಚೆನ್ನಾಗಿದ್ದೇನೆ.

ನೀನು ಗೊತ್ತುಮಾಡಿದ ಗಿರಾಕಿ ಇಪ್ಪತ್ತೆಂಟಕ್ಕೆ ದೋಣಿ ನೋಡಲು ಬರುತ್ತಾನಂತೆ. ಅಪ್ಪ ಒಪ್ಪಿದ್ದಾನೆ. “ಲೆಕ್ಕ ನನ್ನ ಕೈ ಬಿಟ್ಟು ಹೋಯ್ತು ಕಣೇ” ಎಂದ, ಅಷ್ಟೇ. ನಿನಗೆ ಹೇಳಿಕೊಡುವುದೇನಿದೆ, ಆದರೂ ಕಲಿತ ಪಾಠ ಒಪ್ಪಿಸುತ್ತೇನೆ. ಸಾಗುವ ದೋಣಿಯ ಹಿಂದೆ ಬರಿಯ ತಂತಿಯನ್ನು ಹತ್ತು ಮಾರು ಬಿಟ್ಟರೆ ತುದಿಯ ಗಾಳ, ಅಂದರೆ ತಗಡಿನ ಹುಸಿಮೀನು, ಒಂದು ಮಾರು ಇಳಿಯುತ್ತದೆ. ಅದರ ಮುಂದೆ ಓರೆ ಹಲಗೆ ಕಟ್ಟಿದರೆ, ನೀರೇ ಅದನ್ನು ಕೆಳಗೆ ಒತ್ತುವುದರಿಂದ, ಮೂರು ಮಾರಿಗೆ ಒಂದು. ದೋಣಿ ಜೋರಾದರೆ ಮೇಲೇಳುತ್ತದೆ, ನಿಧಾನವಾದರೆ ಇಳಿಯುತ್ತದೆ. ತಂತಿಗೆ ಹತ್ತು ಮಾರಿಗೊಂದು ದಾರ, ಐವತ್ತಕ್ಕೆ ಕೆಂಪು. ಕೆಂಪು ನೀರಿಗಿಳಿದಾಗ ನಾನು ‘ಐವತ್ತು’ ಎಂದು ಕೂಗುತ್ತೇನೆ. ಅಪ್ಪ ತಂತಿಗೆ ಎರಡು ಬೆರಳು ತಾಗಿಸಿ, ಅದರ ನಡುಕ ನೋಡಿ, “ಹದಿನಾರು ಚಿಲ್ಲರೆ” ಎನ್ನುತ್ತಾನೆ. ಈ ಋತುವಿನಲ್ಲಿ ಮೀನು ಇರುವುದೂ ಅಷ್ಟೇ ಆಳದಲ್ಲಿ. ಪಕ್ಕದ ದೋಣಿಗಳಿಗೆ ಸಿಗುತ್ತದೆ, ನಮಗಿಲ್ಲ. ಐಸ್ ಅಂಗಡಿಯ ಕುಳ್ಳ ಮೊನ್ನೆ ಕೇಳಿದ, “ಏನ್ ಯಜಮಾನ್ರೇ, ತಗಡಿಗೆ ಈಜು ಕಲಿಸ್ತಾ ಇದೀರಾ?” ಅಪ್ಪ ನಕ್ಕ. ಆ ದಿನ ಊಟ ಮಾಡಲಿಲ್ಲ.

ನಿನ್ನ ಭುಜ ಮುರಿದಾಗ ಹದಿನೈದು ದಿನಕ್ಕೆಂದು ಬಂದವಳು ನಾನು; ಎರಡು ವರ್ಷವಾಯಿತು. ಡೀಸೆಲ್ ಕ್ಯಾನಿಗೂ ತಂತಿಯ ರಾಟೆಗೂ ನಡುವೆ ನಿನ್ನ ಆ ಜಾಗ, ಮೊಣಕಾಲು ಮಡಚಿದರಷ್ಟೇ ಕೂರಬಹುದು. ಕಣ್ಣು ಹಾಯುವಷ್ಟೂ ನೀರು, ನನಗೆ ಕಾಲು ಚಾಚಲು ಗೇಣು ಜಾಗವಿಲ್ಲ. ಕವಿತೆಯ ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲಿದೆ. ಎರಡೂ ಕೈಗೆ ಕೆಲಸವಿರುವವಳು ಪುಟ ತಿರುವುವುದು ಹೇಗೆ? ಬಾಯಿಗೆ ಬರುವ ಒಂದೇ ಪದ್ಯವನ್ನು ಹೇಳಿ ಹೇಳಿ ಅದರ ರುಚಿಯೂ ಹೋಗಿದೆ. ನಾನು ಪಾಠ ಹೇಳುತ್ತಿದ್ದ ಕಾಲೇಜಿನವರು ಜೂನ್‌ವರೆಗೆ ಕಾಯುತ್ತಾರಂತೆ. ಅಲ್ಲಿಯ ನನ್ನ ಕೋಣೆಯ ಕೀಲಿಗೆ ಉಪ್ಪುಗಾಳಿ ತುಕ್ಕು ಹಿಡಿಸದಿರಲೆಂದು ದಿನಾ ಒರೆಸಿಡುತ್ತೇನೆ.

ಇನ್ನು ಬರೆಯಲೋ ಬೇಡವೋ ಎನ್ನುತ್ತಿದ್ದುದು. ತಂತಿ ಮುರುಟಿಕೊಂಡಾಗಲೆಲ್ಲ ಮೀನಿನ ತುದಿಯಿಂದ ಅರ್ಧ ಮಾರು ಕತ್ತರಿಸಿ, ಅಪ್ಪ ಬೈದಾನೆಂದು ಸದ್ದಿಲ್ಲದೆ ಮತ್ತೆ ಕಟ್ಟುತ್ತಿದ್ದೆ. ಹಾಗೆ ಕತ್ತರಿಸಿದರೆ ದಾರಗಳನ್ನೆಲ್ಲ ಬಿಚ್ಚಿ ಸರಿಸಿ ಕಟ್ಟಬೇಕೆಂದು ಹೊಳೆಯಲೇ ಇಲ್ಲ. ನೀನು ಹಿತ್ತಲಲ್ಲಿ ದಾರ ಹಲ್ಲಲ್ಲಿ ಕಚ್ಚಿಕೊಂಡು ಕೂರುತ್ತಿದ್ದುದು ಏಕೆಂದು ನನಗೆ ಅರ್ಥವಾದದ್ದು ನಿನ್ನೆ, ಗಿರಾಕಿಗೆ ತೋರಿಸಲೆಂದು ತಂತಿ ಒರೆಸುವಾಗ. ಟೇಪು ಹಿಡಿದೆ. ಕೆಂಪು ದಾರದವರೆಗೆ ಇರುವುದು ಮೂವತ್ತೆಂಟೇ ಮಾರು. ಇಷ್ಟು ದಿನ ನಮ್ಮ ತಗಡು ಹನ್ನೆರಡರ ಆಸುಪಾಸಿನಲ್ಲಿ, ಮೀನುಗಳ ತಲೆಯ ಮೇಲೆ ಓಡಿದೆ. ಅಪ್ಪನ ಲೆಕ್ಕ ಸರಿಯಿತ್ತು. ನನ್ನ ಐವತ್ತೇ ಐವತ್ತಲ್ಲ.

ಇನ್ನು ಹದಿನೈದು ದಿನ ಬಾಯಿ ಮುಚ್ಚಿಕೊಂಡಿದ್ದರೆ ದೋಣಿ ಹೋಗುತ್ತದೆ, ನಾನೂ ಹೋಗುತ್ತೇನೆ. ತನ್ನ ಲೆಕ್ಕ ಕೆಟ್ಟಿತೆಂದು ನಂಬಿಕೊಂಡೇ ಅಪ್ಪ ಜಗಲಿಯಲ್ಲಿ ಕೂರುತ್ತಾನೆ. ನಾನು ಹೇಳುವುದಿಲ್ಲ. ಓದಿ ಹರಿದುಹಾಕು.

ನಿನ್ನ ಹೆಂಡತಿಗೆ ನನ್ನ ನೆನಪು ತಿಳಿಸು. ಭುಜ ಬೇಗ ನೆಟ್ಟಗಾಗಲಿ.

ಇಂತಿ,
ನಿನ್ನ ಅಕ್ಕ

ವಿ.ಸೂ.: ಕವರಿಗೆ ಅಂಟು ಹುಡುಕುತ್ತ ಜಗಲಿಗೆ ಹೋದೆ. ಅಪ್ಪ ಒಬ್ಬನೇ ಕೂತು ಗಿರಾಕಿಗೆ ಹೇಳುವ ಮಾತು ಅಭ್ಯಾಸ ಮಾಡುತ್ತಿದ್ದ: “ದೋಣಿ ಗಟ್ಟಿ ಇದೆ ಸ್ವಾಮಿ, ಕೆಟ್ಟಿರೋದು ನಾನು.” ಹೇಳಿಬಿಟ್ಟೆ, ಎಲ್ಲವನ್ನೂ. ತಂತಿಗೆ ತಾಗಿಸುವ ಎರಡು ಬೆರಳನ್ನು ಒಂದಕ್ಕೊಂದು ಉಜ್ಜಿಕೊಂಡ. “ಬೆರಳು ಹೇಳ್ತಾನೇ ಇತ್ತು ಕಣೇ ಪಂಡಿತೆ. ಓದಿದವಳು ಎಣಿಸೋದು ತಪ್ಪುತ್ತಾ ಅಂತ ಬೆರಳನ್ನೇ ಬೈದೆ” ಎಂದ. ಈಗ ತಂತಿಯನ್ನೆಲ್ಲ ಅಂಗಳಕ್ಕೆ ಹರಡಿಕೊಂಡು ಕೆಂಪು ದಾರ ತಾ ಎಂದು ಕೂಗುತ್ತಿದ್ದಾನೆ. ನಾಳೆ ಐದಕ್ಕೇ ಹೊರಡಬೇಕಂತೆ. ಗಿರಾಕಿಗೆ ಬರಬೇಡವೆನ್ನು. ಜೂನ್‌ಗೆ ಮೊದಲು ನೀನು ಬಾ ತಮ್ಮಾ. ಭುಜಕ್ಕೇನೂ ಭಾರವಿಲ್ಲ, ಸರಿಯಾಗಿ ಎಣಿಸಿದರೆ ಸಾಕು.