ನೆನೆಹಾಕಿದ ಹಲಗೆ

ಮನೆ, ಹಿತ್ತಿಲ ಮೆಟ್ಟಿಲು
ಭಾನುವಾರ, ಮೇ ೧೨

ಪ್ರೀತಿಯ ಅಮ್ಮಾ,

ದೊಡ್ಡಮ್ಮನ ಕಾಲಿನ ಪಟ್ಟಿ ಬಿಚ್ಚಿದರಾ? ಅವರನ್ನು ಎತ್ತಿ ಕೂರಿಸಿ ನಿನ್ನ ಸೊಂಟ ಹಿಡಿದುಕೊಂಡಿಲ್ಲ ತಾನೆ? ನಾವು ಚೆನ್ನಾಗಿದ್ದೇವೆ. ಅಪ್ಪ ಎರಡು ಮಾತಾಡಿದರೆ ನಾನು ಒಂದು ಆಡುತ್ತೇನೆ. ಮನೆಯಲ್ಲಿ ಗಡಿಯಾರವೇ ವಾಚಾಳಿ.

ಸಾಹಿತ್ಯ ಓದಿದವಳು ಹೋಟೆಲಿನಲ್ಲಿ ಮೀನು ಸುಡುತ್ತೇನೆಂದ ದಿನ ಗಂಟಿಕ್ಕಿದ ಅಪ್ಪನ ಮುಖ ಇನ್ನೂ ಸಡಿಲವಾಗಿಲ್ಲ. ಆದರೆ ಅಮ್ಮಾ, ಆ ಕೆಲಸ ಎಂಥ ಸೋಜಿಗ ಗೊತ್ತೇ? ಮೀನನ್ನು ಸರಳಿಗೆ ತಾಗಿಸುವುದೇ ಇಲ್ಲ. ಹಲಗೆಯ ಮೇಲೆ ಮಲಗಿಸಿ, ಹಲಗೆಯನ್ನೇ ಕೆಂಡದ ಮೇಲಿನ ಸರಳುಗಳ ಮೇಲಿಟ್ಟು ಮುಚ್ಚುವುದು. ಕೆಳಗೆ ಮರ ಕರಕಲಾಗುತ್ತ ಹೊಗೆ ಬಿಡುತ್ತದೆ, ಮೇಲೆ ಮೀನು ಆ ಪರಿಮಳ ಕುಡಿಯುತ್ತ ಬೇಯುತ್ತದೆ. ಹಲಗೆ ಯಾಕೆ ಹೊತ್ತಿಕೊಳ್ಳುವುದಿಲ್ಲವೆಂದು ಬಗ್ಗಿ ಬಗ್ಗಿ ನೋಡಿ ಹುಬ್ಬು ಸುಟ್ಟುಕೊಂಡೆ. ಗುಟ್ಟು ಇಷ್ಟೇ: ಮೊದಲೇ ನಾಲ್ಕು ಗಂಟೆ ನೀರಿನಲ್ಲಿ ಮುಳುಗಿಸಿಡಬೇಕು.

ಹೋಟೆಲಿನ ಗದ್ದಲದಲ್ಲಿ ನನಗೆ ಗಡಿಬಿಡಿಯಾಗುತ್ತದೆಂದು, ನನ್ನ ಕೈರುಚಿ ನೋಡಲು ಅಲ್ಲಿನ ಯಜಮಾನಿ ನಿನ್ನೆ ಮನೆಗೇ ಬಂದರು. ನನ್ನ ಮೀನು ಒಪ್ಪಿಗೆಯಾದರೆ ಕೆಲಸ ಕಾಯಂ. ಅವರು ಬರುವ ಮೊದಲೇ, ಬೆಳಗ್ಗೆ ಬಕೆಟ್ಟಿನಲ್ಲಿ ಹಲಗೆ ನೆನೆಹಾಕಿ ಮೀನು ತರಲು ಹೋದೆ. ಬಂದು ನೋಡಿದರೆ ಹಲಗೆ ಒಲೆಯ ಪಕ್ಕದಲ್ಲೇ ಸಿದ್ಧ. ಅಪ್ಪ ನನಗೆ ಸಹಾಯ ಮಾಡಿದ್ದಾರೆಂದು ಎಷ್ಟು ಹಿಗ್ಗಿದೆನೆಂದರೆ, ಹಿಂದೆಮುಂದೆ ನೋಡದೆ ಮೀನಿಟ್ಟುಬಿಟ್ಟೆ. ಐದೇ ನಿಮಿಷ. ಧಗ್ಗನೆ ಉರಿ!

“ಇದೇನು ತಾಯೀ, ಮೀನಿಗೆ ಚಿತೆ ಕಟ್ಟಿದ್ಯಾ?” ಎಂದರು ಯಜಮಾನಿ. “ನೆನೆಹಾಕಿದ್ದೆ” ಎಂದಷ್ಟೇ ನನ್ನ ಬಾಯಿಂದ ಹೊರಟಿತು. ಕೆಲಸದ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಅಪ್ಪ, “ಅದನ್ನಾ? ನೀನು ಗೇಟು ದಾಟಿದ್ದೇ ತಡ, ತೆಗೆದು ಒರೆಸಿ ಒಲೆ ಪಕ್ಕ ಒಣಗೋಕಿಟ್ಟೆ. ಎಂಥಾ ಮರ ಅದು! ನೀರಿಗೆ ಹಾಕ್ತಾರಾ ಯಾರಾದ್ರೂ?” ಎಂದರು. ನಲವತ್ತು ವರ್ಷ ಮರಕ್ಕೆ ತೇವ ತಾಗದಂತೆ ಕಾದ ಬಡಗಿಯ ಮೇಲೆ ಸಿಟ್ಟು ಮಾಡುವುದು ಹೇಗೆ, ಹೇಳು. ಯಜಮಾನಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಬುಧವಾರ ಇನ್ನೊಂದ್ಸಲ ಬರ್ತೀನಿ, ಅದೇ ಕೊನೆ. ಹಲಗೆಗಿಂತ ಮೊದ್ಲು ನಿಮ್ಮಪ್ಪನ್ನ ನೆನೆಹಾಕು!” ಅಪ್ಪ ನಗಲಿಲ್ಲ. ಸುಟ್ಟ ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತ ಒಳಗೆ ಹೋದವರು ಊಟಕ್ಕೂ ಏಳಲಿಲ್ಲ.

ದೊಡ್ಡಮ್ಮನಿಗೆ ನಮಸ್ಕಾರ ತಿಳಿಸು. ಕಾಲಿಗೆ ಬೇಗ ಬಲ ಬರಲಿ, ನೀನು ಬೇಗ ಬಾ.

ನಿನ್ನ
ಮೌನಗೌರಿ

ತಾ.ಕ.: ಲಕೋಟೆ ಅಂಟಿಸುವವಳಿದ್ದೆ. ಅಪ್ಪ ಬಂದು ನಿಂತಿದ್ದಾರೆ. ಕಂಕುಳಲ್ಲಿ ಮೂರು ಹೊಸ ಹಲಗೆ, ಕೈಯಲ್ಲಿ ತುಂಬಿದ ಬಕೆಟ್. ನನ್ನ ಮುಖ ನೋಡದೆ ಕೇಳುತ್ತಿದ್ದಾರೆ: “ಮೊದ್ಲು ನಮಗೊಂದು ಮೀನು ಸುಡು. ನಾಲ್ಕು ಗಂಟೆ ಸಾಕಾ? ಇದು ಗಟ್ಟಿ ಮರ.”