ಸಮುದ್ರದ ತಳದ ಬಿಸಿ

ನಿಟ್ಟುವಳ್ಳಿ, ದಾವಣಗೆರೆ
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಕೃತಿಕಾ,

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆದು ಅಳಿಸಿದೆ, ಮತ್ತೆ ಬರೆದೆ. ಚೆನ್ನಾಗಿದ್ದೇವೆ ಅಂತಲೇ ಇಟ್ಟುಕೋ. ಉತ್ತರ ತಡವಾಯಿತು, ಬೈಯಬೇಡ. ಹಡಗಿನ ಮೇಲ್‌ಗೆ ಬರೀ ಅಕ್ಷರ ಬರುತ್ತದೆ, ಫೋಟೊ ಬರುವುದಿಲ್ಲ ಎಂದು ನೀನು ಹೇಳಿದಾಗ ಮುಖ ತೋರಿಸುವ ಕೆಲಸ ತಪ್ಪಿತು ಅಂದುಕೊಂಡಿದ್ದೆ. ಈಗ ನೋಡಿದರೆ ಇದೇ ಹೆಚ್ಚು ಕಷ್ಟ. ಬರೆಯಲು ಕೂರುತ್ತೇನೆ, ಎದ್ದು ಗೇಟಿನ ತನಕ ಹೋಗುತ್ತೇನೆ, ಸುಮ್ಮನೆ ವಾಪಸ್ ಬರುತ್ತೇನೆ. ಕೂತಲ್ಲಿ ಕೂರಲಾಗುತ್ತಿಲ್ಲ.

ನೀನು ಕೇಳಿದ್ದು ಒಂದೇ ಪ್ರಶ್ನೆ. ಹಡಗು ಮಾರಿಷಸ್ ಬಂದರಿಗೆ ಬಂದ ಮೇಲೆ ಮನೆಗೆ ಬರಲೋ, ಸಂಶೋಧನೆಯ ಎರಡನೇ ಸುತ್ತಿಗೂ ಹೋಗಲೋ ಅಂತ. ಹೂಂ ಅಥವಾ ಉಹೂಂ ಅಂದಿದ್ದರೆ ಮುಗಿಯುತ್ತಿತ್ತು. ತಾಳು, ಮೊದಲು ಊರಿನ ಸುದ್ದಿ ಹೇಳುತ್ತೇನೆ.

ಹರಿಹರದಲ್ಲಿ ನನ್ನ ಒಂಬತ್ತನೇ ಕ್ಲಾಸಿಗೆ ನೀನೀಗ ದೊಡ್ಡ ಹೀರೋಯಿನ್. ಸಿಲೆಬಸ್ ಬಿಟ್ಟು, ನೀನು ಸಮುದ್ರದ ತಳದಲ್ಲಿ ಹುಡುಕುತ್ತಿರುವ ಬಿಸಿನೀರಿನ ಬುಗ್ಗೆಗಳ ಪಾಠ ಮಾಡಿದೆ. ಸಮುದ್ರದ ನೀರು ತಳದ ಬಿರುಕುಗಳಲ್ಲಿ ಇಳಿಯುತ್ತದೆ, ಕೆಳಗಿನ ಶಿಲಾಪಾಕದ ಬಿಸಿಗೆ ಕಾಯುತ್ತದೆ, ಬಂಡೆಯೊಳಗಿನ ಕಬ್ಬಿಣ, ತಾಮ್ರ, ಸತುವು, ಗಂಧಕವನ್ನೆಲ್ಲ ಕರಗಿಸಿಕೊಂಡು ಮೇಲೇಳುತ್ತದೆ. ಮುನ್ನೂರೈವತ್ತು ಡಿಗ್ರಿ ಕಾದರೂ ಮೇಲಿನ ನೀರಿನ ಭಾರಕ್ಕೆ ಕುದಿಯುವುದಿಲ್ಲ. ಹೊರಗಿನ ಎರಡು ಡಿಗ್ರಿ ತಣ್ಣೀರು ತಾಗಿದ್ದೇ ತಡ, ಕರಗಿದ್ದೆಲ್ಲ ಕರಿ ಪುಡಿಯಾಗಿ ಹೊಗೆಯ ಹಾಗೆ ಏಳುತ್ತದೆ. ಇಷ್ಟು ಹೇಳುವಷ್ಟರಲ್ಲಿ ದುರ್ಗಾ ಎಂಬ ಹುಡುಗಿ ಎದ್ದು ನಿಂತು, ಮಂಡಕ್ಕಿ ಭಟ್ಟಿ ಹೊಗೆ ಇದ್ದಂಗೆ ಏನ್ರಿ ಸಾರ್ ಎಂದಳು. ನಾನು ಹೌದು ಅಂದುಬಿಟ್ಟೆ. ಅದು ಹೊಗೆಯಲ್ಲ, ಲೋಹದ ಪುಡಿ ಎಂದು ನೀನು ಅಲ್ಲಿಂದಲೇ ಕಣ್ಣು ಬಿಡುತ್ತೀಯ, ಗೊತ್ತು. ಆದರೆ ಹುಡುಕುವ ಬಗೆಯಂತೂ ಅದೇ ತಾನೆ? ಭಟ್ಟಿ ಕಾಣದಿದ್ದರೂ ಹೊಗೆ ಹಿಡಿದು ಓಣಿ ಸೇರಬಹುದು. ನೀವೂ ಉಪಕರಣಗಳನ್ನು ನೀರಿನಲ್ಲಿ ಎಳೆಯುತ್ತ ಎಲ್ಲಿ ಕದಡಿದೆ, ಎಲ್ಲಿ ಮ್ಯಾಂಗನೀಸ್ ಜಾಸ್ತಿ ಇದೆ ಎಂದು ನೋಡುತ್ತ ಹೋಗುತ್ತೀರಿ. ಮೊದಲ ಸುತ್ತಿನಲ್ಲಿ ಸುಳಿವು ಸಿಕ್ಕಿದೆ, ಎರಡನೇ ಸುತ್ತಿನಲ್ಲಿ ಯಂತ್ರ ಬುಗ್ಗೆಯ ಬಾಯಿಯ ತನಕ ಇಳಿಯುತ್ತದೆ ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ.

ಭಟ್ಟಿಯ ಹಯಾತ್ ಸಾಬ್‌ಗೂ ಹೇಳಿದೆ. ಬಿಸಿಲೇ ಬೀಳದ ಆ ಕತ್ತಲಲ್ಲಿ ಏನಾದರೂ ಬದುಕಿರುತ್ತದೆಯೇ ಎಂದು ಕೇಳಿದರು. ಬುಗ್ಗೆಯಿಂದ ಬರುವ ಗಂಧಕದ ವಿಷಗಾಳಿಯಿಂದಲೇ ಅನ್ನ ಮಾಡಿಕೊಳ್ಳುವ ಬ್ಯಾಕ್ಟೀರಿಯಾ, ಕಾಲಿಗೆ ಕಬ್ಬಿಣದ ಹುರುಪೆ ಬೆಳೆಸಿಕೊಂಡ ಬಸವನಹುಳು ಎಲ್ಲ ಇವೆ ಎಂದೆ. ಆ ಗಾಳಿಗೆ ಕೊಳೆತ ಮೊಟ್ಟೆಯ ವಾಸನೆ ಎಂದು ಪುಸ್ತಕದಲ್ಲಿ ಓದಿ, ಮೊಟ್ಟೆಯೇ ಕಾಣದ ಲಿಂಗಾಯತರ ಮನೆ ಹುಡುಗಿ ನೀನು ಲ್ಯಾಬಿನಲ್ಲಿ ಆ ವಾಸನೆಯ ಗುರುತೇ ಸಿಗದೆ ಬೇಸ್ತು ಬಿದ್ದದ್ದನ್ನೂ ಹೇಳಿದೆ. ಸಾಬರು ಬಹಳ ನಕ್ಕರು. ನಿನಗೆಂದು ಒಂದು ಚೀಲ ಮಂಡಕ್ಕಿ ಕೊಟ್ಟಿದ್ದಾರೆ. ನೀನು ಬರುವ ತನಕ ಅದು ಗರಿಗರಿ ಉಳಿಯುವುದಿಲ್ಲ.

ಇನ್ನು ಮನೆಯ ಸುದ್ದಿ. ಅವ್ವ ಹುಡುಕುತ್ತಿದ್ದಾಳೆ. ನಮ್ಮ ಐನೋರು ಜಂಬಯ್ಯನವರು ಪೂಜೆಗೆ ಬಂದಾಗ ಆ ಪುಟ್ಟ ಬೆಳ್ಳಿ ಕರಡಿಗೆ, ಒಳಗಿನ ಲಿಂಗ ಏನಾಯಿತು ಎಂದು ಕೇಳಿದರು. ಅವ್ವ ನನ್ನ ಮುಖ ನೋಡಿದಳು, ನಾನು ಫ್ಯಾನ್ ನೋಡಿದೆ. ಅಂದಿನಿಂದ ದೇವರ ಮನೆ, ಟ್ರಂಕು, ಅಕ್ಕಿ ಡಬ್ಬಿ, ನನ್ನ ಶೂ ಕೂಡ ಬಿಟ್ಟಿಲ್ಲ. ಬೆಳ್ಳಿ ಹೋದರೆ ಹೋಗಲಿ, ಲಿಂಗ ಹೀಗೆ ದಿಕ್ಕಿಲ್ಲದೆ ಇರಬಾರದು ಎಂದು ಊಟ ಬಿಟ್ಟು ಓಡಾಡುತ್ತಾಳೆ. ಕೊನೆಗೆ ಪಾತ್ರೆ ತೊಳೆಯುವ ಲತಾಳನ್ನು ಕೇಳಿಬಿಟ್ಟಳು. ಲತಾ ಕೈ ಒರೆಸಿಕೊಂಡು ನಿಂತಳು.

"ದೇವ್ರ ಮನಿ ಬಾಗ್ಲ ನಾನು ದಾಟಿಲ್ರಿ ಅಮ್ಮಾರೆ. ಈ ಮಾತು ನೀವು ಕೇಳಬಾರ್ದಿತ್ತು."

ಅಷ್ಟು ಹೇಳಿ ಹೋದವಳು ಮತ್ತೆ ಬಂದಿಲ್ಲ. ನಾನು ಅಲ್ಲೇ ಪೇಪರ್ ಹಿಡಿದು ಕೂತಿದ್ದೆ, ಬಾಯಿ ಬಿಡಲಿಲ್ಲ. ಯಾಕೆ ಎಂದು ನಿನಗೆ ಗೊತ್ತು. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ.

ಎರಡನೇ ಸುತ್ತು ಬೇಡ ಕೃತಿಕಾ. ಬಂದುಬಿಡು. ಇದೇ ನನ್ನ ಉತ್ತರ.

ಅಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡು. ಅವ್ವ ಆಶೀರ್ವಾದ ಹೇಳಿದ್ದಾಳೆ, ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕಂತೆ. ಸಮುದ್ರ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ.

ನಿನ್ನ
ವೀರೇಶ

ತಾ.ಕ.: ಕಳಿಸುವುದಕ್ಕೆ ಕೈ ಬರಲಿಲ್ಲ. ನಾವಿಬ್ಬರೂ ಆಡದೇ ಉಳಿಸಿಕೊಂಡ ಮಾತನ್ನು ನಾನೇ ಆಡುತ್ತೇನೆ. ಎಂಟನೇ ತಿಂಗಳಲ್ಲಿ ಹೊಟ್ಟೆಯೊಳಗಿನ ಕೂಸಿಗೆಂದು ಜಂಬಯ್ಯನವರು ನಿನಗೆ ಕಟ್ಟಿದ ಲಿಂಗ ಅದು. ಆಪರೇಷನ್‌ಗೆ ಒಯ್ಯುವಾಗ ನರ್ಸ್ ಅದನ್ನು ಬಿಚ್ಚಿ ನಿನ್ನ ಬ್ಯಾಗಿನಲ್ಲಿಟ್ಟಳು. ಕೂಸು ಅಳಲೇ ಇಲ್ಲ. ನೀನು ಕಣ್ಣು ಬಿಡುವ ಮೊದಲೇ ನಾವು ಗಂಡಸರು ಮಣ್ಣು ಮಾಡಿ ಬಂದೆವು. ಲಿಂಗವನ್ನು ಅದರ ಜೊತೆ ಇಡಬೇಕು ಎಂಬುದು ಗಡಿಬಿಡಿಯಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಕೂಸಿನ ಮುಖವನ್ನೂ ನಿನಗೆ ತೋರಿಸಲಿಲ್ಲ. ಆ ಬ್ಯಾಗು ಈಗ ನಿನ್ನ ಹತ್ತಿರ ಹಡಗಿನಲ್ಲಿದೆ.

ಈಗಷ್ಟೇ ಎದ್ದು ಹೋಗಿ ಅವ್ವನಿಗೆ ಹೇಳಿದೆ. ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟಳು. "ಆಕಿ ಹತ್ರ ಐತಾ? ಇರ್ಲಿ ಬಿಡು," ಎಂದಳು. ಆಮೇಲೆ ಸೀರೆ ಬದಲಾಯಿಸಿ ಲತಾಳ ಮನೆಗೆ ಹೊರಟಳು.

ಎರಡನೇ ಸುತ್ತು ನೀನು ಕೇಳಿದ್ದು ಆ ಲಿಂಗವನ್ನು ಸಮುದ್ರಕ್ಕೆ ಒಪ್ಪಿಸುವುದಕ್ಕೇನಾ? ಹಾಗಿದ್ದರೆ ಮೇಲೆ ಬರೆದ ಉತ್ತರ ಹೊಡೆದುಹಾಕು, ಹೋಗಿ ಬಾ. ಒಂದೇ ಮಾತು. ಹಡಗಿನಿಂದ ಸುಮ್ಮನೆ ನೀರಿಗೆ ಹಾಕಬೇಡ. ಅಲ್ಲೆಲ್ಲ ಎರಡೇ ಡಿಗ್ರಿ ಅಂತ ನೀನೇ ಹೇಳಿದ್ದೆ. ಯಂತ್ರ ತಳಕ್ಕೆ ಇಳಿಯುವಾಗ ಅದರ ಜೊತೆ ಕಳಿಸು, ಬಿಸಿ ಇರುವ ಕಡೆ ಇಡಿಸು.